ನೀಲಕ್ಕನ ಹೆಂಚು

ಹೇಮಂತ ಲೆಕ್ಕದ ವಹಿ ಬಿಚ್ಚಿದಾಗ ಮನೆಯವರು ಊಟಕ್ಕೆ ಕೂತಿದ್ದರು. ಕೂತವರು ಮೂವರು: ಹೇಮಂತ, ಅವನ ಅಪ್ಪ ಮಡಿವಾಳೆಪ್ಪ, ಮಡಿವಾಳೆಪ್ಪನ ತಾಯಿ ಶಿವಗಂಗವ್ವ. ಹೇಮಂತನ ಹೆಂಡತಿ ಐಶ್ವರ್ಯ ನೀಡುತ್ತಿದ್ದಳು. ಅವನ ತಾಯಿ ನೀಲಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಸಂಶಿಯ ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೆಂಟು ವರ್ಷವಾದರೂ ಆಕೆ ಬಿಸಿ ರೊಟ್ಟಿ ಉಂಡದ್ದನ್ನು ಕಂಡವರಿಲ್ಲ.

ಹೇಮಂತ ಹುಬ್ಬಳ್ಳಿಯ ಒಂದು ಮೊಬೈಲ್ ಅಂಗಡಿಯಲ್ಲಿ ನಾಲ್ಕು ವರ್ಷ ದುಡಿದಿದ್ದ. ಮದುವೆಯಾಗಿ ಎರಡು ತಿಂಗಳಿಗೆ, ಯುಗಾದಿಯ ಹೊತ್ತಿಗೆ, ಆ ಅಂಗಡಿ ಮುಚ್ಚಿತು. ಊರಿಗೆ ಬಂದು ಎರಡು ತಿಂಗಳು ಕಟ್ಟೆಯ ಮೇಲೆ ಕೂತು ಫೋನು ತಿಕ್ಕಿದ. ಆಮೇಲೆ ಅವನಿಗೊಂದು ವಿಚಾರ ಹೊಳೆಯಿತು. ಫೋನಿನಲ್ಲೇ ಅಂಗಡಿ. ಫೋನಿನಲ್ಲಿ ಆರ್ಡರು, ಕೊರಿಯರಿನಲ್ಲಿ ಖಡಕ್ ರೊಟ್ಟಿ. ಪುಣೆ, ಬೆಳಗಾವಿ, ಎಲ್ಲಿಗೆ ಬೇಕಾದರೂ.

"ಕೇಳ್ರಿ ಎಲ್ಲಾರೂ," ಅಂದ. "ವೆಬ್‌ಸೈಟಿಗೆ ಹನ್ನೆರಡ ಸಾವಿರ. ಡಬ್ಬಿ, ಅದರ ಮ್ಯಾಲಿನ ಛಾಪಾ ಹದಿನೆಂಟ ಸಾವಿರ. ಬಾಯಿ ಮುಚ್ಚೂ ಮಷಿನ್ ಒಂಬತ್ತ ಸಾವಿರ."

"ಯಾರ ಬಾಯಿ ಮುಚ್ಚತೈತೋ ಅದು?" ಶಿವಗಂಗವ್ವ ಕೇಳಿದಳು.

"ಪ್ಯಾಕೆಟ್ ಬಾಯಿ, ಆಯಿ."

"ಹಂಗಾರ ಆತು. ನಂದಕ್ಕ ಬಂತಂತ ತಿಳಿದಿದ್ದೆ."

"ಕೊರಿಯರ್‌ನವರಿಗೆ ಮುಂಗಡ ಹತ್ತ ಸಾವಿರ. ಗ್ಯಾಸಿಗೆ ಆರು. ಫೋಟೋಕ್ಕ ಐದು. ಪರವಾನಿಗಿ, ಅದರ ಓಡಾಟ ಸಾವಿರದ ನೂರು. ಫೋನಿನ್ಯಾಗ ಜಾಹೀರಾತಿಗೆ ಹದಿನೈದ ಸಾವಿರ."

ಮಡಿವಾಳೆಪ್ಪನ ತುತ್ತು ಅಲ್ಲೇ ನಿಂತಿತು. "ಹದಿನೈದ ಸಾವಿರ? ಹದಿನೈದ ಸಾವಿರಕ್ಕ ಒಂದ ಎಮ್ಮಿ ಕರಾ ಬರ್ತೈತಲೇ ಮಗನ. ಕಟ್ಟಿದ್ರ ಹಾಲರ ಕೊಡತೈತಿ."

"ಅಪ್ಪಾ, ಅಂಗಡಿ ಐತಿ ಅಂತ ಮಂದಿಗೆ ಗೊತ್ತಾಗಬೇಕಲ?"

"ಡಂಗುರಾ ಹೊಡಸು. ಐನೂರಕ್ಕ ಆಗತೈತಿ."

ಐಶ್ವರ್ಯ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಹೇಮಂತ ಹಾಳೆ ತಿರುವಿ ಓದಿದ. "ಒಟ್ಟ ಖರ್ಚ ಎಪ್ಪತ್ತಾರ ಸಾವಿರದ ನೂರು. ಇನ್ನ ಬರೂದು: ಅಪ್ಪನ ಕಡ್ಲಿ ಮಾರಿದ್ದು ನಾಲ್ವತ್ತ ಸಾವಿರ. ಐಶ್ವರ್ಯನ ಬೆಂಡೋಲಿ ಇಪ್ಪತ್ತ ಸಾವಿರ. ನನ್ನ ಕಡೀ ಪಗಾರದಾಗ ಉಳದದ್ದು ಎಂಟ ಸಾವಿರದ ನೂರು. ಆಯಿದು ಗೃಹಲಕ್ಷ್ಮಿ ನಾಲ್ಕ ತಿಂಗಳದ್ದು ಎಂಟ ಸಾವಿರ."

"ಅದು ಸರ್ಕಾರ ನನಗ ಕೊಟ್ಟದ್ದು," ಶಿವಗಂಗವ್ವ ಅಂದಳು. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಆಕೆಯೇ.

"ಲಾಭಾ ಬಂದ ಮ್ಯಾಲೆ ತಿರಿಗಿ ಕೊಡ್ತೀನಿ ಆಯಿ."

"ನಾ ಸತ್ತ ಮ್ಯಾಲೆ ಎಂಟ ಸಾವಿರದ ಹೂವಾ ಹಾಕ್ತೀ ಏನ? ಕೊಳೆತ ಹೊಕ್ಕಾವು."

ಹೇಮಂತ ಕೊನೆಯ ಎರಡು ಸಾಲು ಓದಿದ. "ಜ್ವಾಳ ಮನಿವು, ಸೊನ್ನಿ. ರೊಟ್ಟಿ ಮಾಡೂ ಕೂಲಿ, ಯವ್ವ. ಸೊನ್ನಿ."

ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಏನಂದಿ?"

"ಕೂಲಿ ಸೊನ್ನಿಬೇ. ಅದ ನಮಗ ದೊಡ್ಡ ಫಾಯ್ದೆ. ಬ್ಯಾರೆ ಮಂದಿ ಒಂದ ರೊಟ್ಟಿಗೆ ಮೂರ ರೂಪಾಯಿ ಕೂಲಿ ಕೊಟ್ಟ ಮಾಡಸ್ತಾರ. ನಮಗ ಅಷ್ಟೂ ಉಳೀತು."

"ನಿಮಗ ಉಳೀತು. ನನಗ?"

"ಅಂಗಡಿಗೆ ನಿನ್ನ ಹೆಸರ ಇಟ್ಟೀನಲ್ಲಬೇ! ನೀಲಕ್ಕನ ಹೆಂಚು. ಡಬ್ಬಿ ಮ್ಯಾಲೆ ನಿನ್ನ ಫೋಟೋ."

"ಫೋಟೋಕ್ಕ ಹೊಟ್ಟಿ ಇಲ್ಲ. ಅದಕ್ಕ ಅದನ್ನ ಹಚ್ಚೀರಿ."

"ಮತ್ತೊಂದ ಮಾತು," ಹೇಮಂತ ವಹಿಯ ಕಡೆ ನೋಡುತ್ತಲೇ ಅಂದ. "ಖಾನಾವಳಿ ರೊಟ್ಟಿ ಬಂದ್ ಮಾಡಬೇಕು. ಎರಡೂ ಆಗೂದಿಲ್ಲ."

ಹೆಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ಆ ಮನೆಯಲ್ಲಿ ರೊಟ್ಟಿ ಸೀದದ್ದು ಅಪರೂಪ. ಮಡಿವಾಳೆಪ್ಪ ಮೂಗು ಎತ್ತಿ, "ನೋಡ ಅತ್ಲಾಗ," ಅಂದ.

*

ಖಾನಾವಳಿ ರೊಟ್ಟಿಯ ಸಂಗತಿ ಹೇಳಬೇಕು. ಸಂಶಿಯ ಬಸ್‌ಸ್ಟ್ಯಾಂಡಿನ ಬಾಜು ನಾಗರತ್ನಾಳ ಖಾನಾವಳಿ ಇದೆ. ಒಂಬತ್ತು ವರ್ಷದಿಂದ ನೀಲಕ್ಕ ದಿನಾಲು ಹನ್ನೊಂದು ಗಂಟೆಗೆ ಅರವತ್ತು ರೊಟ್ಟಿ ಬುಟ್ಟಿಯಲ್ಲಿ ಒಯ್ದು ಕೊಡುತ್ತಿದ್ದಳು. ರೊಟ್ಟಿಗೆ ಆರು ರೂಪಾಯಿ, ಅಲ್ಲೇ ಕೈಯಲ್ಲಿ ರೋಖು. ಹಿಟ್ಟಿನದು ಇಷ್ಟು ಅಂತ ಮಡಿವಾಳೆಪ್ಪನ ಕೈಗೆ ಹಾಕಿ ಉಳಿದದ್ದನ್ನು ನಡುವಿನ ಸಂಚಿಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಆ ದುಡ್ಡು ಎಲ್ಲಿ ಹೋಯಿತು ಅಂತ ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ ಆಕೆ ಹೇಳುತ್ತಲೂ ಇರಲಿಲ್ಲ.

ನಾಗರ ಪಂಚಮಿಗೆ ಕಲಘಟಗಿ ಕಡೆಯ ಬಮ್ಮಿಗಟ್ಟಿಯಿಂದ ತಮ್ಮ ತಿರಕಪ್ಪ ಕರೆಯಲಿಕ್ಕೆ ಬರುತ್ತಿದ್ದ. ತವರಿಗೆ ಹೋಗುವಾಗ ತಮ್ಮನ ಹೆಂಡತಿಗೆ ಒಂದು ಸೀರೆ, ಹುಡುಗಿಯರಿಗೆ ಬಳೆ, ರಿಬ್ಬನ್ನು, ಎಲ್ಲ ಆ ಸಂಚಿಯಿಂದ. ನಾಲ್ಕು ದಿನ ಇದ್ದು ಬರುತ್ತಿದ್ದಳು. ವರ್ಷದಲ್ಲಿ ಆಕೆ ಹೊಸ್ತಿಲು ದಾಟಿ ಇರುತ್ತಿದ್ದುದು ಆ ನಾಲ್ಕೇ ದಿನ. ಕೈ ಬೀಸಿಕೊಂಡು ಹೋದರೆ ತವರೂ ಪರಮನೆ ಅಂತ ಆಕೆಯ ಮಾತು.

ಮೂರು ದಿನ ಆಕೆ ಖಾನಾವಳಿ ಬಿಡುವುದಿಲ್ಲ ಅಂದಳು. ಮೂರು ದಿನ ಜಗಳ ನಡೆಯಿತು. ಮಡಿವಾಳೆಪ್ಪ ತಾಟು ಎತ್ತಿ ಒಗೆದ. "ಮಗಾ ಕಟ್ಟಿ ಮ್ಯಾಲೆ ಕೂತ ಕೊಳೀಲಿ ಅಂತೀ ಏನ?" ಅಂದ. ಅದಕ್ಕೂ ಆಕೆ ಜಗ್ಗಲಿಲ್ಲ. ನಾಲ್ಕನೆಯ ದಿನ ಐಶ್ವರ್ಯ ಕುಂದಗೋಳಕ್ಕೆ ಹೋಗಿ ಬೆಂಡೋಲೆ ಮಾರಿ ಬಂದಳು. ಕಿವಿಯಲ್ಲಿ ಎರಡು ಬೇವಿನ ಕಡ್ಡಿ ಚುಚ್ಚಿಕೊಂಡು ಪಾತ್ರೆ ತಿಕ್ಕುತ್ತಿದ್ದ ಆ ಹುಡುಗಿಯನ್ನು ನೋಡಿ ನೀಲಕ್ಕ ಹಟ ಬಿಟ್ಟಳು.

ಮರುದಿನ ಬುಟ್ಟಿ ಇಳಿಸಿ, "ನಾಳಿಂದ ಬರೂದಿಲ್ಲ," ಅಂದಾಗ ನಾಗರತ್ನಾ ಗಲ್ಲಾಪೆಟ್ಟಿಗೆಯ ಮುಂದೆ ರೊಕ್ಕ ಎಣಿಸುತ್ತಿದ್ದಳು.

"ಎಷ್ಟ ದಿನಾ?"

"ಗೊತ್ತಿಲ್ಲ."

"ನೋಡಕ್ಕಾ, ನಾಳೆ ಮುಂಜಾನೆ ಅರವತ್ತ ರೊಟ್ಟಿ ನನಗ ಬೇಕ. ಬ್ಯಾರೇದಾಕಿ ಬರ್ತಾಳ. ಆಮ್ಯಾಲೆ ನೀ ತಿರಿಗಿ ಬಂದ್ರ ಅಕಿನ್ನ ನಾ ಹೆಂಗ ಬಿಡಸ್ಲಿ?"

"ಬಿಡಸಬ್ಯಾಡ," ಅಂದು ನೀಲಕ್ಕ ಖಾಲಿ ಬುಟ್ಟಿ ಎತ್ತಿಕೊಂಡಳು.

*

ಫೋಟೋದವನು ಬಂದ ದಿನ ಹೇಮಂತ ಹಿತ್ತಲಲ್ಲಿ ಮಣ್ಣಿನ ಒಲೆ ಹಾಕಿಸಿದ್ದ. ಮನೆಗೆ ಗ್ಯಾಸು ಬಂದು ಹನ್ನೆರಡು ವರ್ಷವಾಗಿತ್ತು. ನೀಲಕ್ಕನಿಗೆ ಮದುವೆಯ ಇಳಕಲ್ ಸೀರೆ ಉಡಿಸಿ, ಹಣೆ ತುಂಬ ಕುಂಕುಮ ಹಚ್ಚಿಸಿ, ಹಸಿ ಕಟ್ಟಿಗೆಯ ಹೊಗೆಯ ಮುಂದೆ ಕೂಡಿಸಿದರು.

"ಹೊಗಿ ಇರಬೇಕಬೇ. ಮಂದಿ ಅದನ್ನ ನೋಡಿ ತಗೋತಾರ."

"ಹೊಗಿ ತಿಂತಾರೇನ ಅವರು?"

"ನಗಬೇ ಯವ್ವಾ ಸ್ವಲ್ಪ."

"ಕಣ್ಣಾಗ ನೀರ ಬರಾಕತ್ತಾವು, ನಗಬೇಕಂತ ನಗಬೇಕು!" ಅಂದು ಆಕೆ ಕೆಂಡದಂತೆ ಸಿಟ್ಟಾದಳು. ಗೋಡೆಯ ಆ ಕಡೆಯಿಂದ ಪಕ್ಕದ ಮನೆಯ ರಜಿಯಾಬಿ ಇಣುಕಿ, "ಅಕ್ಕಾ, ಥೇಟ ಮದಲಗಿತ್ತಿ ಆಗೀಯಲ್ಲ! ವರಾ ಎಲ್ಲೆ?" ಅಂದಳು. ನೀಲಕ್ಕನಿಗೆ ನಗು ಬಂತು. ಅಷ್ಟರಲ್ಲಿ ಫೋಟೋದವನು ಹೊಡೆದುಕೊಂಡ. ಆ ನಗುವೇ ಡಬ್ಬಿಯ ಮೇಲೆ ಬಂತು. ಕೆಳಗೆ ಅಚ್ಚಾಗಿತ್ತು: 'ತಾಯಿಯ ಕೈಯ ಪ್ರೀತಿ.'

ಡಬ್ಬಿ ಬಂದವು, ಮಷಿನ್ ಬಂತು. ದಿನಕ್ಕೆ ನೂರು ಖಡಕ್ ರೊಟ್ಟಿ ಅಂತ ಲೆಕ್ಕ. ಖಡಕ್ ರೊಟ್ಟಿಗೆ ಎರಡು ಸಲ ಬೆಂಕಿ ಬೇಕು: ಒಮ್ಮೆ ಬೇಯಿಸಬೇಕು, ಮತ್ತೆ ಸಣ್ಣ ಉರಿಯಲ್ಲಿ ಒತ್ತಿ ಒತ್ತಿ ಒಣಗಿಸಬೇಕು. ಮನೆಯ ಊಟದ ರೊಟ್ಟಿ ಬೇರೆ. ಹತ್ತು ದಿನಕ್ಕೆ ನೀಲಕ್ಕನ ಬಲಗೈ ಮಣಿಕಟ್ಟು ಬಾತು ಬದನೆಕಾಯಿಯಂತಾಯಿತು. ಆಗ ಹೇಮಂತ ರಜಿಯಾಬಿಯನ್ನು ಕೂಲಿಗೆ ಕರೆದ. ಗಂಡ ಸತ್ತ ಮೇಲೆ ಹೊಲಿಗೆ, ಹೊಲದ ಕೂಲಿ ಅಂತ ದುಡಿಯುತ್ತಿದ್ದ ಹೆಣ್ಣುಮಗಳು. ಕೈ ಚೆನ್ನಾಗಿತ್ತು.

ಇಬ್ಬರೂ ಹಿತ್ತಲಲ್ಲಿ ಎದುರುಬದುರು ಕೂತು ಬಡಿಯುತ್ತಿದ್ದರು. ಶನಿವಾರ ಹೇಮಂತ ಬಂದು ರಜಿಯಾಬಿಯ ಕೈಯಲ್ಲಿ ಒಂಬೈನೂರು ರೂಪಾಯಿ ಇಟ್ಟ. ಮುನ್ನೂರು ರೊಟ್ಟಿಗೆ ಮೂರರಂತೆ. ವಹಿಯಲ್ಲಿ ಬರೆದುಕೊಂಡು ಹೋದ. ಅದೇ ವಾರ ನೀಲಕ್ಕ ಬಡಿದದ್ದು ನಾನೂರು.

ರಜಿಯಾಬಿ ನೋಟು ಹಿಡಿದುಕೊಂಡು ಕೂತಳು. "ನಿನಗ, ಅಕ್ಕಾ?"

"ನಂದು ಪ್ರೀತಿ. ಡಬ್ಬಿ ಮ್ಯಾಲೆ ಓದಿಲ್ಲೇನ?"

ಆ ಸಂಜೆ ಊಟಕ್ಕೆ ನೀಡುತ್ತ ನೀಲಕ್ಕ ಗಂಡನಿಗೆ ನೇರವಾಗಿ ಕೇಳಿದಳು. "ಬಾಜೂ ಮನಿಯಾಕಿಗೆ ಮೂರ ರೂಪಾಯಿ ಕೊಡ್ತೀರಿ. ನನ್ನ ರೊಟ್ಟಿ ಏನ ಸೊಟ್ಟ ಅದಾವ?"

"ಮನಿ ಹೆಣ್ಮಗಳಿಗೆ ಕೂಲಿ ಕೊಟ್ಟರ ಮನಿ ಅಂಗಡಿ ಆಗತೈತಿ," ಅಂದ ಮಡಿವಾಳೆಪ್ಪ.

"ಅಂಗಡಿನ ಮಾಡಾಕತ್ತೀರಲ್ರಿ!"

"ಬಾಯಿಗೆ ಬಾಯಿ ಹಚ್ಚಬ್ಯಾಡ."

"ನಾ ಅರವತ್ತ ವರ್ಷ ಬಡದೀನಿ," ಶಿವಗಂಗವ್ವ ಅಂದಳು. "ಯಾವ ಮಗಾ ಒಂದ ದಮ್ಮಡಿ ಕೊಟ್ಟಿಲ್ಲ ನನಗ. ಇವಳಿಗೆ ಪಗಾರ ಬೇಕಂತ."

"ನಿಮಗ ಕೊಡಲಿಲ್ಲಂತ ನನಗೂ ಕೊಡಬಾರದೇನ ಅತ್ತಿ?"

ಶಿವಗಂಗವ್ವ ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿದಳು. ಆಕೆಗೆ ಹಲ್ಲಿರಲಿಲ್ಲ.

ಪಾತ್ರೆ ತೊಳೆಯುವಾಗ ಐಶ್ವರ್ಯ ಹತ್ತಿರ ಬಂದು ಸಣ್ಣಗೆ ಅಂದಳು. "ಅತ್ತಿ, ವಹಿಯೊಳಗ ನನ್ನ ಹೆಸರೂ ಐತ್ರಿ. ಪ್ಯಾಕಿಂಗ, ಫೋನ್ ನೋಡೂದು. ಅದರ ಮುಂದನೂ ಸೊನ್ನಿನ ಐತ್ರಿ."

ನೀಲಕ್ಕ ಆಕೆಯ ಬೋಳು ಕಿವಿ ನೋಡಿದಳು. "ನಿನ್ನ ಹೆಸರಿನ ಮುಂದ ಸೊನ್ನಿ ಒಂದ ಅಲ್ಲವ್ವಾ, ಇಪ್ಪತ್ತ ಸಾವಿರ ಕಡಿಮಿ ಐತಿ."

*

ಅಂಗಡಿ ತೆರೆಯುವುದು ಪಂಚಮಿಯ ಹಿಂದಿನ ದಿನ, ರೊಟ್ಟಿ ಹಬ್ಬಕ್ಕೇ ಅಂತ ಹೇಮಂತ ಗಟ್ಟಿ ಮಾಡಿದ. ಪಂಚಮಿ ಮುಂದೆ ಜನಕ್ಕೆ ಊರಿನ ರೊಟ್ಟಿ ನೆನಪಾಗುತ್ತದೆ ಅಂತ ಅವನ ಎಣಿಕೆ. ಎಣಿಕೆ ತಪ್ಪಲ್ಲ. ಜಾಹೀರಾತಿನಲ್ಲಿ ಇನ್ನೊಂದು ಮಾತು ಹಾಕಿದ: 'ಆರ್ಡರ್ ಕೊಟ್ಟ ಎರಡೇ ದಿನದಲ್ಲಿ ರವಾನೆ, ಇಲ್ಲವಾದರೆ ದುಡ್ಡು ವಾಪಸ್.' ರೊಟ್ಟಿ ಹಬ್ಬದ ಮರುದಿನ ನಾಗಪ್ಪನಿಗೆ ಹಾಲೆರೆಯುವ ದಿನ. ಅಂದು ಈ ಕಡೆ ಯಾರ ಮನೆಯಲ್ಲೂ ಒಲೆಯ ಮೇಲೆ ಹೆಂಚು ಏರುವುದಿಲ್ಲ. ಕುದಿಸಿದ್ದು, ಉಂಡಿ, ಹಿಂದಿನ ದಿನದ ರೊಟ್ಟಿ, ಅಷ್ಟೇ. ಇಪ್ಪತ್ತಾರು ವರ್ಷ ಹೇಮಂತ ಆ ಹಬ್ಬ ಉಂಡಿದ್ದ. ಆ ದಿನ ಹೆಂಚು ಯಾಕೆ ಗೋಡೆಗೆ ಆನಿಸಿ ನಿಂತಿರುತ್ತದೆ ಅಂತ ಒಮ್ಮೆಯೂ ನೋಡಿರಲಿಲ್ಲ. ನೀಲಕ್ಕನನ್ನು ಕೇಳಿದ್ದರೆ ಹೇಳುತ್ತಿದ್ದಳು. ದಿನ ಗೊತ್ತು ಮಾಡುವಾಗ ಆಕೆಯನ್ನು ಯಾರು ಕೇಳಬೇಕು?

ಹಬ್ಬಕ್ಕೆ ಎಂಟು ದಿನ ಇರುವಾಗ ಆಕೆ ಮಗನ ಮುಂದೆ ನಿಂತಳು. ಸಂಚಿಯಲ್ಲಿದ್ದುದು ಗುಳಿಗೆಗೆ, ಕೈಗೆ ಹಚ್ಚುವ ಎಣ್ಣೆಗೆ ಕರಗಿತ್ತು.

"ಸಾವಿರ ರೂಪಾಯಿ ಕೊಡು. ತಿರಕಪ್ಪ ಕರಿಯಾಕ ಬರ್ತಾನ. ಅವನ ಹೆಂಡ್ತಿಗೆ ಸೀರಿ ಒಯ್ಯಬೇಕು."

"ಈಗೆಲ್ಲಿದಬೇ? ಬಜೆಟ್‌ನ್ಯಾಗ ಇಲ್ಲ."

"ಐನೂರ ಕೊಡು."

"ಯವ್ವಾ, ಬಸ್ ಫ್ರೀ ಐತಿ ನಿನಗ. ಹೋಗಿ ಬಾ. ರೊಕ್ಕ ಯಾಕ?"

ನೀಲಕ್ಕ ಮಗನ ಮುಖ ನೋಡಿದಳು. ಹೆತ್ತವಳು ತಾನು, ಅವನ ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು. ಹೊಡೆಯಲಿಲ್ಲ. ಬೆಳೆದ ಮಗ, ಮದುವೆಯಾದವನು.

ಒಳಗಿನಿಂದ ಶಿವಗಂಗವ್ವ ಕೂಗಿ ಹೇಳಿದಳು. "ಈ ವರ್ಷ ನೀ ಹೋಗೂದ ಬ್ಯಾಡ. ಸೊಸಿಗೆ ಮೊದಲನೇ ಪಂಚಮಿ, ಅಕಿ ತವರಿಗೆ ಹೋಗಾಕ ಬೇಕು. ನೀನೂ ಹ್ವಾದ್ರ ಒಲಿ ಯಾರ ಹಚ್ಚವ್ರು?"

*

ರೊಟ್ಟಿ ಹಬ್ಬದ ಮುಂಜಾನೆ ಎಂಟಕ್ಕೆ ಹೇಮಂತ ಫೋನಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಅಂಗಡಿ ತೆರೆದ. ಆರುನೂರು ಖಡಕ್ ರೊಟ್ಟಿ ಟ್ರಂಕಿನಲ್ಲಿ ತಯಾರಿದ್ದವು. ಹತ್ತು ರೊಟ್ಟಿಗೆ ಒಂದು ಡಬ್ಬಿ, ಡಬ್ಬಿಗೆ ನೂರಾಹತ್ತು ರೂಪಾಯಿ. ಹತ್ತು ಗಂಟೆಗೆ ಐಶ್ವರ್ಯಳ ಅಣ್ಣ ಅಣ್ಣಿಗೇರಿಯಿಂದ ಬಂದ. ಆಕೆ ಹೋಗುವ ತನಕ ಫೋನು ಬಿಡಲಿಲ್ಲ. "ಹದಿನಾಲ್ಕ ಆದೂರಿ! ಅತ್ತಿ, ಹದಿನೇಳು!" ಅಂದಳು. ಹೊಸ್ತಿಲು ದಾಟುವಾಗ ಇಪ್ಪತ್ತೆರಡು ಆಗಿದ್ದವು. ಆಕೆಯ ಮುಖದಲ್ಲಿ ಬೆಂಡೋಲೆ ತಿರುಗಿ ಬಂದಷ್ಟು ಸಂತೋಷವಿತ್ತು.

ಮಧ್ಯಾಹ್ನ ನೀಲಕ್ಕ ಶೇಂಗಾ ಉಂಡಿ ಕಟ್ಟುತ್ತಿದ್ದಳು. ಹೇಮಂತ ಕುಂದಗೋಳಕ್ಕೆ ಟೇಪು ತರಲು ಹೋಗಿದ್ದ. ಆಗ ಓಣಿಯ ಹೆಣ್ಣುಮಕ್ಕಳು ಪುಟ್ಟಿ ಹಿಡಿದುಕೊಂಡು ರೊಟ್ಟಿ ಬೀರಲು ಬಂದರು. ಆ ಹಬ್ಬದ ರೂಢಿ ಅದು. ಅವರ ಮನೆಯ ಐದು ರೊಟ್ಟಿ, ಮೇಲೆ ಪಲ್ಯ, ಚಟ್ನಿ ನಮಗೆ, ನಮ್ಮವು ಅವರಿಗೆ. ಶಿವಗಂಗವ್ವ ಕೋಲು ಊರಿಕೊಂಡು ಹೋಗಿ ಟ್ರಂಕು ತೆಗೆದು ಮನೆಗೆ ಐದರಂತೆ ಕೊಟ್ಟಳು. ಇಪ್ಪತ್ತನಾಲ್ಕು ಮನೆ.

ಸಂಜೆ ಹೇಮಂತ ಟ್ರಂಕು ತೆಗೆದು ತಲೆ ಹಿಡಿದುಕೊಂಡ.

"ಆಯಿ! ನೂರಾ ಇಪ್ಪತ್ತ ರೊಟ್ಟಿ ಎಲ್ಲೆ?"

"ಬೀರೀನಿ."

"ಯಾರ ಹೇಳಿದ್ರು ನಿನಗ?"

"ಹಬ್ಬ ಹೇಳ್ತಲೇ! ರೊಟ್ಟಿ ಹಬ್ಬದ ದಿನ ಟ್ರಂಕ ತುಂಬ ರೊಟ್ಟಿ ಇಟಗೊಂಡು ಮಂದಿಗೆ ಇಲ್ಲ ಅಂದ್ರ ನಾಲಿಗಿ ಬೀಳತೈತಿ."

ಫೋನಿನಲ್ಲಿ ಅಷ್ಟೊತ್ತಿಗೆ ಎಪ್ಪತ್ತೈದು ಡಬ್ಬಿಯ ಆರ್ಡರು ನಿಂತಿತ್ತು. ಏಳುನೂರಾ ಐವತ್ತು ರೊಟ್ಟಿ. ಇದ್ದದ್ದು ನಾನೂರಾ ಎಂಬತ್ತು. ಕೊರಿಯರ್ ಗಾಡಿ ನಾಡಿದ್ದು ಮುಂಜಾನೆ ಏಳಕ್ಕೆ. ಹೇಮಂತ ಆರ್ಡರು ತಗೊಳ್ಳುವುದನ್ನು ಅಲ್ಲಿಗೇ ನಿಲ್ಲಿಸಿದ. ಆದರೂ ಇನ್ನೂರಾ ಎಪ್ಪತ್ತು ಕಡಿಮೆ. ಅವನ ಕಣ್ಣು ಪಡಸಾಲೆಯ ಪುಟ್ಟಿಗಳ ಕಡೆ ಹೋಯಿತು. ಓಣಿಯಿಂದ ಬಂದ ರೊಟ್ಟಿ. ಸಜ್ಜಿಯವು, ಎಳ್ಳು ಹಚ್ಚಿದವು, ದಪ್ಪನವು, ತೆಳ್ಳನವು.

"ಇವನ್ನ ತುಂಬೂಣು. ಅರ್ಧಾ ಕೆಲಸ ಮುಗೀತು."

ನೀಲಕ್ಕ ಉಂಡಿಯ ಕೈಯಲ್ಲೇ ಎದ್ದು ಬಂದು ಪುಟ್ಟಿಗಳ ಮುಂದೆ ನಿಂತಳು. "ಮುಟ್ಟೀಯಂದ್ರ ಕೈ ಮುರೀತೀನಿ. ಬೀರಿದ ರೊಟ್ಟಿ ಮಾರ್ತೀಯಾ? ನಾಳೆ ಓಣ್ಯಾಗ ಹೆಂಗ ಮುಖಾ ತೋರಸ್ಲಿ?"

"ಹಂಗಾರ ನಾಳೆ ಹೆಂಚ ಇಡಬೇ."

"ನಾಳೆ ಹೆಂಚ ಇಡಬಾರದು."

ಮಡಿವಾಳೆಪ್ಪ ಇಷ್ಟೊತ್ತು ಕೂತು ಅಡಿಕೆ ಕತ್ತರಿಸುತ್ತಿದ್ದ. ಈಗ ಬಾಯಿ ತೆಗೆದ. "ಇಡು. ನಾಗಪ್ಪ ತಿಳಕೋತಾನ."

ನೀಲಕ್ಕ ಗಂಡನ ಕಡೆ ತಿರುಗಿದಳು. ಈ ಮನೆಯಲ್ಲಿ ವರ್ಷಕ್ಕೆ ಅದೊಂದು ದಿನ ಹೆಂಚಿಗೆ ರಜೆ. ಮೈಯಲ್ಲಿ ಜ್ವರ ಇದ್ದರೂ ಉಳಿದ ದಿನ ಹೆಂಚು ಇಡಲೇಬೇಕು ಅಂತ ಹೇಳಿದವನು ಇವನೇ. ಹೇಮಂತ ಎರಡು ವರ್ಷದ ಕೂಸಿದ್ದಾಗ, ತವರಿಗೆ ಹೋಗಲಾಗದ ಒಂದು ಪಂಚಮಿ ದಿನ ಮಗು ಬಿಸಿ ರೊಟ್ಟಿಗೆ ಅತ್ತಿತು ಅಂತ ಆಕೆ ಹೆಂಚಿಗೆ ಕೈ ಹಚ್ಚಿದಾಗ ಬೆನ್ನ ಮೇಲೆ ಗುದ್ದಿದವನೂ ಇವನೇ.

"ಕೂಸು ಅತ್ತಾಗ ತಿಳಕೊಳ್ಳಲಾರದ ನಾಗಪ್ಪ ಈಗ ತಿಳಕೋತಾನೇನ್ರಿ? ಅವನಿಗೂ ಆರ್ಡರ್ ಹೋಗೈತೇನ?"

"ಲೇ!" ಮಡಿವಾಳೆಪ್ಪ ಅಡಕತ್ತು ಎತ್ತಿದ. ಅಷ್ಟರಲ್ಲಿ ಬಾಗಿಲಲ್ಲಿ ಬೈಕು ನಿಂತಿತು. ತಿರಕಪ್ಪ ಬಂದಿದ್ದ.

ಮಡಿವಾಳೆಪ್ಪ ಅಡಕತ್ತು ಕೆಳಗಿಟ್ಟ. ನೀಲಕ್ಕ ತಮ್ಮನಿಗೆ ನೀರು ಕೊಟ್ಟಳು, ತಾಟು ಹಾಕಿದಳು. ಅವನು ಉಣ್ಣುತ್ತ ಎಲ್ಲರ ಮುಖ ನೋಡಿದ.

"ಯಾಕ ಮಾವಾ, ಹಬ್ಬದ ಮನಿ ಹಂಗ ಕಾಣೂದಿಲ್ಲಲ? ಅಕ್ಕಾ, ಚೀಲಾ ಕಟ್ಟೀಯಿಲ್ಲೋ?"

"ಈ ವರ್ಷ ಅಕಿ ಬರೂದಿಲ್ಲ," ಮಡಿವಾಳೆಪ್ಪ ಅಂದ. "ಧಂದೇದ ಗಡಿಬಿಡಿ ಐತಿ."

"ಅಕ್ಕ ಹೇಳ್ಲಿ."

ಎಲ್ಲರೂ ನೀಲಕ್ಕನ ಕಡೆ ನೋಡಿದರು. ಹೇಮಂತನ ಕಣ್ಣಲ್ಲಿ ನೀರು ತುಂಬಿತ್ತು. ಸಣ್ಣವನಿದ್ದಾಗ ತುಪ್ಪದ ಗಡಿಗೆ ಒಡೆದು ಆಕೆಯ ಸೆರಗಿನ ಹಿಂದೆ ಬಚ್ಚಿಟ್ಟುಕೊಂಡಾಗ ಇದ್ದದ್ದೇ ಮುಖ. ಎಪ್ಪತ್ತಾರು ಸಾವಿರ, ಅದರಲ್ಲಿ ಸೊಸೆಯ ಬೆಂಡೋಲೆ. ಆಕೆಯ ಸಂಚಿಯಲ್ಲಿ ಹನ್ನೊಂದು ರೂಪಾಯಿ.

"ಕೈ ಬೀಸಿಕೊಂಡು ಏನ ಬರ್ಲೋ ತಿರಕಾ," ಅಂದಳು. "ಉಂಡಿ ಕಟ್ಟೀನಿ, ಒಯ್ಯಿ."

"ನಿನ್ನ ಕೈಯಾಗ ಏನೈತಿ ಅಂತ ಯಾರ ನೋಡಾಕತ್ತಾರಬೇ ಅಲ್ಲಿ?"

"ನಾ ನೋಡ್ತೀನಿ," ಅಂದಳು ನೀಲಕ್ಕ.

ತಿರಕಪ್ಪ ಕೈ ತೊಳೆದ. ಅಕ್ಕನ ಬಾತ ಮಣಿಕಟ್ಟು ನೋಡಿದ, ಮಾವನ ಮುಖ ನೋಡಿದ. ಉಂಡಿಯ ಚೀಲವನ್ನು ಹ್ಯಾಂಡಲಿಗೆ ತೂಗಿ ಹಾಕಿಕೊಂಡು ಹೋದ. ಬೈಕಿನ ಸಪ್ಪಳ ಬಸ್‌ಸ್ಟ್ಯಾಂಡಿನ ಕಡೆ ಹೋಗಿ ಅಡಗುವ ತನಕ ಆಕೆ ಕಟ್ಟೆಯ ಮೇಲೆ ನಿಂತಿದ್ದಳು.

ಒಳಗೆ ಬಂದವಳೇ ಹೇಮಂತನಿಗೆ ಹೇಳಿದಳು. "ಈ ಮನ್ಯಾಗ ನಾಳೆ ಹೆಂಚ ಏರೂದಿಲ್ಲ. ರಜಿಯಾನ ಮನ್ಯಾಗ ಏರತೈತಿ, ಅವರಿಗೆ ಪಂಚಮಿ ಇಲ್ಲ. ಅಕಿ ಬೇಯಸ್ಲಿ, ನಾ ಬಡಿತೀನಿ. ರೊಟ್ಟಿಗೆ ಮೂರ ರೂಪಾಯಿ."

"ಅಕಿ ಬೇಯಸ್ತಾಳ, ಅಕಿಗೆ ಕೊಡ್ತೀನಿ."

"ಹೌದು. ಅಕಿ ಕೈಯಾಗ ಕೊಡು. ಪೂರಾ ಇನ್ನೂರಾ ಎಪ್ಪತ್ತರದ್ದು. ನಾಡಿದ್ದ ಮುಂಜಾನೆ ಗಾಡಿ ಬರೂಕ್ಕಿಂತ ಮೊದಲ."

ಮಡಿವಾಳೆಪ್ಪನಿಗೆ ತಡವಾಗಿ ಅರ್ಥವಾಯಿತು. "ಅವರ ಮನ್ಯಾಗ ಕೂತ ಬಡಿಯವಳೇನ ನೀ? ಹಬ್ಬದ ದಿನಾ? ಮಂದಿ ಏನಂತಾರ?"

ಆಗ ಶಿವಗಂಗವ್ವ ಕೋಲು ಕುಟ್ಟಿದಳು. "ಸುಮ್ನಿರಲೇ. ನಿನ್ನ ಹೊಕ್ಕಳ ಕೊಯ್ದಾಕಿ ರಜಿಯಾನ ಅತ್ತಿ. ಆವತ್ತ ಮಂದಿ ಏನೂ ಅನ್ಲಿಲ್ಲ."

*

ನಾಗಪ್ಪನಿಗೆ ಹಾಲೆರೆದು ಬಂದು ನೀಲಕ್ಕ ಗೋಡೆ ದಾಟಿದಳು. ಇಡೀ ದಿನ ಬಡಿದಳು. ರಜಿಯಾಬಿ ಬೇಯಿಸಿದಳು, ಒಣಗಿಸಿದಳು. ಮಧ್ಯಾಹ್ನ ರಜಿಯಾಬಿ ಒಂದು ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಆಕೆಯ ಮುಂದೆ ಹಿಡಿದಳು.

"ಇವತ್ತ ಹೆಂಚಿನದ ತಿನ್ನಬಾರದವಾ."

"ಹಂಗಾರ ನಾಳೆ ತಿನ್ನು. ನಾಳೆ ಕೂಲಿಗೆ ಬರ್ತೀಯಲ್ಲ?" ಅಂದು ರಜಿಯಾಬಿ ನಕ್ಕಳು.

ಮರುದಿನ ಮುಂಜಾನೆ ಹೇಮಂತ ಎಂಟುನೂರಾ ಹತ್ತು ರೂಪಾಯಿ ರಜಿಯಾಬಿಯ ಕೈಗೆ ಎಣಿಸಿದ. ಆಕೆ ಅಲ್ಲೇ, ಅವನ ಕಣ್ಣ ಮುಂದೆ, ಅರ್ಧ ಎಣಿಸಿ ಗೋಡೆಯ ಮೇಲಿಂದ ನೀಲಕ್ಕನಿಗೆ ಕೊಟ್ಟಳು. ನಾನೂರಾ ಐದು. ನೀಲಕ್ಕ ಸಂಚಿಯಲ್ಲಿ ಹಾಕಿಕೊಂಡು ದಾರ ಎಳೆದಳು.

"ಯವ್ವಾ, ಅದು ನಮ್ಮ ರೊಕ್ಕ ಅಲ್ಲೇನಬೇ?"

"ನಿನ್ನೆ ತನಕ ಇತ್ತು."

ಹೇಮಂತ ಏನೋ ಹೇಳಲಿಕ್ಕೆ ಹೋದ. ಗಾಡಿ ಹಾರ್ನು ಹೊಡೆಯಿತು. ಎಪ್ಪತ್ತೈದು ಡಬ್ಬಿ, ಎಪ್ಪತ್ತೈದು ನೀಲಕ್ಕ, ನಗುತ್ತ ಗಾಡಿ ಏರಿ ಹೋದವು.

ಅಲ್ಲಿಂದ ಅದೇ ರೂಢಿಯಾಯಿತು. ಮನೆಯ ಹಿತ್ತಲಲ್ಲಿ ಬಡಿದರೆ ಸೊನ್ನೆ. ಗೋಡೆಯ ಆಚೆ ಬಡಿದರೆ ಮೂರು ರೂಪಾಯಿ. ಮಡಿವಾಳೆಪ್ಪ ಎರಡು ದಿನ ಕೂಗಾಡಿದ. ಮೂರನೆಯ ದಿನ ಮತ್ತೆ ನಲವತ್ತು ಡಬ್ಬಿ ಆರ್ಡರು ಬಂದದ್ದು ಕೇಳಿ ಸುಮ್ಮನಾದ. ಆದರೆ ಮುಂಜಾನೆ ಐದಕ್ಕೆ ಹೋದವಳು ಹತ್ತಕ್ಕೆ ಓಡಿ ಬಂದು ಮನೆಯ ಅಡುಗೆ ಮಾಡಬೇಕು. ನಾಲ್ಕಕ್ಕೆ ಮತ್ತೆ ಹೋದವಳು ಏಳಕ್ಕೆ ಬಂದು ಮತ್ತೆ ಒಲೆ ಹಚ್ಚಬೇಕು. ಸಂಚಿ ತುಂಬುತ್ತಿತ್ತು. ಬಮ್ಮಿಗಟ್ಟಿಗೆ ಹೋಗಲು ಆಕೆಗೆ ಒಂದು ದಿನ ಸಿಗುತ್ತಿರಲಿಲ್ಲ. ಮುಂದಿನ ಪಂಚಮಿಗೆ ಹನ್ನೊಂದು ತಿಂಗಳಿತ್ತು.

ಐಶ್ವರ್ಯ ತವರಿನಿಂದ ಬಂದು ಎರಡು ವಾರ ಎಲ್ಲವನ್ನೂ ನೋಡಿದಳು. ಒಂದು ಸಂಜೆ ನೀಲಕ್ಕ ಹಿಟ್ಟು ನಾದುತ್ತ, "ವಹಿ ತಂದು ಓದು," ಅಂದಳು. ಐಶ್ವರ್ಯ ಓದಿದಳು. "ರಜಿಯಾಬಿ, ಈ ವಾರದ್ದು ಇಬ್ಬರ ಕೂಲಿ, ನಾಲ್ಕ ಸಾವಿರದ ಎರಡ ನೂರು."

"ಇಬ್ಬರು ಅಂದ್ರ ಯಾರ್ಯಾರಂತ ಬರದಾನ?"

"ಅಷ್ಟ ಐತ್ರಿ. ಹೆಸರ ಒಂದ ಐತ್ರಿ."

ನೀಲಕ್ಕ ಹೂಂ ಅಂದಳು. ಹೆಂಚು ಕಾದಿತ್ತು. ಮನೆಯ ಊಟಕ್ಕೆ ಹದಿನಾಲ್ಕು ರೊಟ್ಟಿ ಬೇಕು. ಅವು ಯಾವ ವಹಿಯಲ್ಲೂ ಇರಲಿಲ್ಲ. ಪಡಸಾಲೆಯಿಂದ ಮಡಿವಾಳೆಪ್ಪ, "ಆತೇನ? ಹೊಟ್ಟಿ ಹಸದೈತಿ," ಅಂದ.

ಐಶ್ವರ್ಯ ವಹಿ ಮುಚ್ಚಿ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಕಿವಿಯಲ್ಲಿ ಇನ್ನೂ ಅವೇ ಬೇವಿನ ಕಡ್ಡಿ.

"ಅತ್ತಿ, ನಾನೂ ಬಡೀತೀನ್ರಿ. ನನ್ನ ಕೈ ನಿಮ್ಮಷ್ಟ ಇಲ್ಲ, ಆದ್ರ ಕಲೀತೀನಿ. ನಾಳಿಂದ ಮುಂಜಾನೆ ನಿಮ್ಮ ಸಂಗಾಟ ಗ್ವಾಡಿ ದಾಟಿ ಬರ್ಲ್ಯಾ? ಬೆಂಡೋಲಿಯಷ್ಟಾದ್ರೂ ದುಡೀತೀನಿ."

ನೀಲಕ್ಕ ಮೊದಲ ರೊಟ್ಟಿ ಹೆಂಚಿನ ಮೇಲೆ ಹಾಕಿದಳು. ನೀರು ಸವರಿದಳು. ಉತ್ತರ ಆಕೆ ಹುಡುಕಬೇಕಾಗಲಿಲ್ಲ, ನಾಲಿಗೆಯ ತುದಿಯಲ್ಲೇ ಇತ್ತು.

"ನೀನೂ ಬಂದ್ರ ಇಲ್ಲಿ ಒಲಿ ಯಾರ ಹಚ್ಚವ್ರು?"

ಮೂಲೆಯಲ್ಲಿ ಮಲಗಿದ್ದ ಶಿವಗಂಗವ್ವ ಕೆಮ್ಮಿದಳು. ಕೆಮ್ಮಿದಳೋ ನಕ್ಕಳೋ ತಿಳಿಯಲಿಲ್ಲ. ಐಶ್ವರ್ಯ ಎದ್ದು ತಾಟು ಹಾಕಲು ಹೋದಳು. ನೀಲಕ್ಕ ರೊಟ್ಟಿ ತಿರುವಿ ಹಾಕಿದಳು. ಆ ಹೊತ್ತಿಗೆ ಅದರ ಒಂದು ಮಗ್ಗಲು ಕರ್ರಗಾಗಿತ್ತು.